ಬೀರುವಿನಲ್ಲಿದ್ದ ಲೈಟರ್ ಮತ್ತು ಬೆಂಕಿಯಿಲ್ಲದ ಒಲೆ

ಸುಮಾರು ಮೂರು ತಿಂಗಳು ನಮ್ಮ ಮನೆಯ ಗ್ಯಾಸ್ ಲೈಟರ್ ನನ್ನ ಬಟ್ಟೆ ಬೀರುವಿನಲ್ಲಿ, ಮಡಚಿಟ್ಟ ಪಂಚೆಗಳ ನಡುವೆ ಇತ್ತು. ಅದನ್ನು ಅಲ್ಲಿ ಬಚ್ಚಿಟ್ಟವನು ನಾನೇ. ಯಾರಿಂದ ಬಚ್ಚಿಟ್ಟೆ ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ನನ್ನನ್ನು ಹೆತ್ತವಳಿಂದ. ಎಪ್ಪತ್ತೆಂಟು ವರ್ಷದ ಹೆಂಗಸಿಗೆ ಹೆದರಿ, ಐವತ್ತೆಂಟು ವರ್ಷದ ಗಂಡಸೊಬ್ಬ ಲೈಟರನ್ನು ಪಂಚೆಯಲ್ಲಿ ಸುತ್ತಿ ಇಡುವುದೆಂದರೆ ಹೇಗಿದ್ದೀತು, ನೀವೇ ಊಹಿಸಿಕೊಳ್ಳಿ.

ನಾನು ನಲ್ಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಚನ್ನಗಿರಿಯಲ್ಲಿ ಮನೆ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ವಿದ್ಯುತ್ತು, ಕಾಂತ, ಉಷ್ಣ ಎಂಬ ಮೂರು ಪಾಠಗಳನ್ನು ಎಷ್ಟು ಸಲ ಮಾಡಿದ್ದೇನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಚಿತ್ರ ಸಮೇತ ಹೇಳಿಬಿಡುತ್ತೇನೆ. ಆದರೆ ಆ ಪಾಠ ಕರಿಹಲಗೆಯಿಂದ ಇಳಿದು ನಮ್ಮ ಅಡುಗೆಮನೆಯ ತನಕ ನಡೆದು ಬರಲು ಮೂವತ್ತು ವರ್ಷ ಹಿಡಿಯಿತು. ಅದು ಬಂದದ್ದೂ ನನ್ನಿಂದಲ್ಲ ಅನ್ನುವುದು ಬೇರೆ ಮಾತು.

ಅವ್ವ ಜಗಳೂರು ಕಡೆಯವಳು. ಜೋಳದ ರೊಟ್ಟಿ ತಟ್ಟುವ ಕೈ. ಅವಳ ಜೀವಮಾನವನ್ನು ಇಸವಿಗಳಲ್ಲಿ ಹೇಳುವುದಕ್ಕಿಂತ ಒಲೆಗಳಲ್ಲಿ ಹೇಳುವುದು ಸುಲಭ. ಹುಟ್ಟಿದ ಮನೆಯಲ್ಲಿ ಮಣ್ಣಿನ ಒಲೆ. ಮದುವೆಯಾಗಿ ಬಂದ ಮೇಲೆ ಸಾಮಿಲ್ಲಿನ ಮರದ ಹೊಟ್ಟು ಗಿಡಿದು ಉರಿಸುವ ತಗಡಿನ ಒಲೆ. ಅದು ಬೇಕೆಂದಾಗ ಹೊತ್ತುತ್ತಿರಲಿಲ್ಲ, ಸಾಕೆಂದಾಗ ಆರುತ್ತಿರಲಿಲ್ಲ. ನಾನು ಹೈಸ್ಕೂಲಿಗೆ ಸೇರಿದ ವರ್ಷ ಪಂಪ್ ಸ್ಟವ್ ಬಂತು. ಅದರ ಭರ್ರೆನ್ನುವ ಸದ್ದಿಗೆ ಪಕ್ಕದ ಮನೆಯವರಿಗೂ ನಮ್ಮಲ್ಲಿ ಚಹಾ ಆಗುತ್ತಿರುವುದು ಗೊತ್ತಾಗುತ್ತಿತ್ತು. ಆಮೇಲೆ ಗ್ಯಾಸು. ಒಲೆ ಯಾವುದೇ ಬರಲಿ, ಅವ್ವನ ಪದ್ಧತಿ ಮಾತ್ರ ಬದಲಾಗಲಿಲ್ಲ. ಬೆಳಗ್ಗೆ ಸ್ನಾನ, ದೇವರ ಮುಂದೆ ಕಡ್ಡಿ ಗೀರಿ ದೀಪ, ಹಣೆಗೆ ವಿಭೂತಿ, ಅದೇ ಒದ್ದೆ ಕೈಯಲ್ಲಿ ಬಂದು ಒಲೆಗೂ ಮೂರು ಬೆರಳಿನ ವಿಭೂತಿ. ಆಮೇಲೆಯೇ ಹಾಲು. ಒಲೆಗೆ ವಿಭೂತಿ ಬೀಳದೆ ನಮ್ಮ ಮನೆಯಲ್ಲಿ ಒಂದು ಲೋಟ ಬಿಸಿನೀರೂ ಕಾದಿದ್ದಿಲ್ಲ.

ಹೋದ ವರ್ಷ ಅವ್ವನಿಗೆ ಒಂದು ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ಅವಳ ಮೂಗನ್ನೂ ಕರೆದುಕೊಂಡು ಹೋಯಿತು. ವಾಸನೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅವ್ವ ಇದನ್ನು ಯಾರಿಗೂ ಹೇಳಲಿಲ್ಲ. ನಮಗೆ ತಿಳಿದದ್ದು ಒಂದು ದಿನ ಬೇಳೆ ತಳಹತ್ತಿ ಮನೆಯೆಲ್ಲ ಸೀದ ವಾಸನೆ ತುಂಬಿಕೊಂಡಿದ್ದರೂ ಅವಳು ಒಲೆಯ ಮುಂದೆಯೇ ನಿಂತು ನಿಶ್ಚಿಂತೆಯಿಂದ ಈರುಳ್ಳಿ ಹೆಚ್ಚುತ್ತಿದ್ದಾಗ.

ಅದಾದ ಹದಿನೈದು ದಿನಕ್ಕೆ ನಡೆದದ್ದನ್ನು ನಾನಿನ್ನೂ ಮರೆತಿಲ್ಲ. ಶನಿವಾರ, ಅರ್ಧ ದಿನದ ಸ್ಕೂಲು. ಮನೆಯ ಬಾಗಿಲಿಗೆ ಬಂದರೆ ಮೂಗಿಗೆ ರಪ್ಪೆಂದು ಗ್ಯಾಸಿನ ವಾಸನೆ. ಒಳಗೆ ಓಡಿದೆ. ಹಾಲು ಉಕ್ಕಿ ಉರಿ ಆರಿದೆ. ಒಲೆ ಸುಸ್ಸೆನ್ನುತ್ತಿದೆ. ಅವ್ವ ಕೆಳಗೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಳೆ. ನನ್ನನ್ನು ಕಂಡು ನಗುತ್ತ, "ಬಂದ್ಯಾ? ತಡಿ, ಚಾ ಮಾಡ್ತೀನಿ" ಎಂದು ಎದ್ದವಳು ಲೈಟರಿಗೆ ಕೈ ಹಾಕಿದಳು.

ಆ ಲೈಟರನ್ನು ಅವಳ ಕೈಯಿಂದ ಕಿತ್ತುಕೊಂಡೆ. ಗ್ಯಾಸು ಮುಚ್ಚಿ ಕಿಟಕಿ ಬಾಗಿಲು ತೆರೆದು ಅವಳನ್ನು ಅಂಗಳಕ್ಕೆ ಎಳೆದುಕೊಂಡು ಬಂದೆ. ಆಮೇಲೆ ಗದರಿದೆ. ಸ್ಕೂಲಿನಲ್ಲಿ ಹಿಂದಿನ ಬೆಂಚಿನವರಿಗೆ ಗದರುವ ದನಿಯಲ್ಲಿಯೇ ಗದರಿದೆ. "ಇನ್ನು ಮ್ಯಾಲೆ ನೀನು ಒಲೆ ಮುಟ್ಟಂಗಿಲ್ಲ!" ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಆತು ಬಿಡಪ್ಪ" ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಲೈಟರ್ ಬೀರು ಸೇರಿದ್ದು ಆವತ್ತೇ. ಇದರಿಂದ ಹೆಚ್ಚು ಕಷ್ಟವಾದದ್ದು ನನ್ನ ಹೆಂಡತಿ ಶಾಂತಲಾಗೆ. ಅವಳು ಬಸವಾಪಟ್ಟಣದ ಸ್ಕೂಲಿನಲ್ಲಿ ಟೀಚರು. ಬೆಳಗ್ಗೆ ಬಸ್ಸಿಗೆ ಓಡುವ ಹೊತ್ತಿನಲ್ಲಿ ಅಡುಗೆಮನೆಯಿಂದ "ರೀ, ಲೈಟರ್!" ಎಂದು ಕೂಗಬೇಕು, ನಾನು ಬೀರುವಿನ ಬಾಗಿಲು ತೆಗೆದು, ಅವ್ವನಿಗೆ ಕಾಣದಂತೆ ಟವಲಿನಡಿ ಹಿಡಿದು ತಂದು, ಒಲೆ ಹೊತ್ತಿಸಿ, ಮತ್ತೆ ಟವಲಿನಡಿಯೇ ವಾಪಸ್ಸು ಒಯ್ಯಬೇಕು. ದಿನಕ್ಕೆ ನಾಲ್ಕು ಸಲ ಈ ಮೆರವಣಿಗೆ. "ನಿಮಗಿಂತ ಆ ಪಂಪ್ ಸ್ಟವ್ವೇ ವಾಸಿ ಇತ್ತು ಅಂತ ಕಾಣುತ್ತೆ" ಎಂದು ಶಾಂತಲಾ ಒಂದು ದಿನ ಹೇಳಿದಳು. ನಾನು ಕೇಳಿಸದವನಂತೆ ಟವಲು ಹೊದ್ದು ಹೊರಟೆ.

ಗ್ಯಾಸಿನ ಭಯ ಹೋಯಿತು. ಅದರ ಜಾಗಕ್ಕೆ ಇನ್ನೊಂದು ಭಯ ಬಂದು ಕೂತಿತು. ಅವ್ವ ಕರಗತೊಡಗಿದಳು. ಬೆಳಗ್ಗೆ ಎಂದಿನಂತೆ ಏಳುವಳು, ಸ್ನಾನ ಮಾಡುವಳು, ದೀಪ ಹಚ್ಚುವಳು, ಹಣೆಗೆ ವಿಭೂತಿ ಹಚ್ಚಿಕೊಳ್ಳುವಳು, ಒದ್ದೆ ಕೈಯಲ್ಲಿ ಅಡುಗೆಮನೆಯ ಹೊಸ್ತಿಲ ತನಕ ಬರುವಳು. ಅಲ್ಲಿ ನಿಂತುಬಿಡುವಳು. ಕೈ ಸೆರಗಿಗೆ ಒರೆಸಿಕೊಂಡು ನಡುಮನೆಯ ಕುರ್ಚಿಗೆ ಹೋಗಿ ಕೂರುವಳು. ಊಟಕ್ಕೆ ಕೂತರೆ ಒಂದು ರೊಟ್ಟಿ. ಇನ್ನೊಂದು ಹಾಕಲು ಹೋದರೆ "ಸಾಕು, ಹಸಿವಿಲ್ಲ" ಎಂದು ಗಂಗಾಳಕ್ಕೆ ಕೈ ಅಡ್ಡ. ಮನೆಗೆ ಬಂದವರಿಗೆಲ್ಲ "ಉಂಡು ಹೋಗಿ" ಎಂದು ಹಟ ಹಿಡಿಯುತ್ತಿದ್ದವಳು ಈಗ ಬಂದವರ ಎದುರು ಸುಮ್ಮನೆ ಕೈ ಕಟ್ಟಿ ಕೂರುತ್ತಿದ್ದಳು, ತಾನೇ ಯಾರದೋ ಮನೆಗೆ ಬಂದವಳ ಹಾಗೆ. ರವಿಕೆ ತೋಳು ಸಡಿಲವಾಯಿತು. ಹೀಗೇ ಬಿಟ್ಟರೆ ಅವ್ವ ನಮಗೆ ಉಳಿಯುವುದಿಲ್ಲ ಅಂತ ನನಗೆ ಖಾತ್ರಿಯಾಗಿ ಅನ್ನಿಸತೊಡಗಿತು. ಆದರೆ ಲೈಟರ್ ಹೊರಗಿಡಲು ಧೈರ್ಯವಿಲ್ಲ. ಇತ್ತ ದರಿ, ಅತ್ತ ಪುಲಿ ಎನ್ನುವಂಥ ಸ್ಥಿತಿ.

ದಾರಿ ತೋರಿಸಿದವಳು ಶಾಂತಲಾ. ನಾನು ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. "ವಿದ್ಯುತ್ಕಾಂತೀಯ ಪ್ರೇರಣೆ ಎಂದರೇನು? ದಿನಬಳಕೆಯ ಒಂದು ಉದಾಹರಣೆ ಕೊಡಿ." ಅರ್ಧ ತರಗತಿ 'ಇಂಡಕ್ಷನ್ ಒಲೆ' ಎಂದು ಬರೆದಿತ್ತು, ಬರೆಸಿದವನು ನಾನೇ. ಶಾಂತಲಾ ಭುಜದ ಹಿಂದೆ ನಿಂತು ಓದಿ, "ಅಲ್ಲ ರೀ, ನಿಮಗೆ ಹೆದರಿಕೆ ಬೆಂಕಿದೋ, ನಿಮ್ಮವ್ವಂದೋ?" ಎಂದಳು. "ಬೆಂಕಿದು" ಎಂದೆ. "ಮತ್ತೆ ಬೆಂಕಿ ಇಲ್ಲದ್ದು ತರ್ರಿ. ನಿಮ್ಮ ಹುಡುಗರಿಗೇ ಗೊತ್ತೈತೆ." ಕೆಂಪು ಪೆನ್ನು ನನ್ನ ಕೈಯಲ್ಲಿತ್ತು, ಸೊನ್ನೆ ಬಿದ್ದದ್ದೂ ನನಗೇ.

ಮಾರನೆಯ ದಿನವೇ ಅಂಗಡಿಗೆ ಹೋದೆವು. ಅಂಗಡಿಯವರು ಎರಡು ಬಗೆ ತೋರಿಸಿದರು. ನೋಡಲು ಎರಡೂ ಒಂದೇ, ಕಪ್ಪು ಗಾಜಿನ ಹಲಗೆ. ಒಂದರ ಗಾಜು ತಾನೇ ಕೆಂಪಗೆ ಕಾಯುತ್ತದೆ. ಅದರ ಮೇಲೆ ಹಿತ್ತಾಳೆ, ಅಲ್ಯೂಮಿನಿಯಂ, ಮಣ್ಣಿನ ಗಡಿಗೆ, ಏನಿಟ್ಟರೂ ಬೇಡವೆನ್ನುವುದಿಲ್ಲ, ಬದನೆಕಾಯಿಯನ್ನೂ ಸುಡಬಹುದಂತೆ. ಬಹಳ ಉದಾರಿ. ಆದರೆ ಆರಿಸಿದ ಮೇಲೂ ಒಂದಷ್ಟು ಹೊತ್ತು ಕೈ ಸುಡುವಷ್ಟು ಬಿಸಿ ಇರುತ್ತದೆ. ಅವ್ವನ ಕಣ್ಣು ಅಷ್ಟಕ್ಕಷ್ಟೇ. ಕಪ್ಪು ಗಾಜಿನಲ್ಲಿ ಅವಿತ ಬಿಸಿ ಅವಳಿಗೆ ಕಾಣುವುದಿಲ್ಲ. ಇನ್ನೊಂದು ಇಂಡಕ್ಷನ್. ಅದು ತಾನು ಕಾಯುವುದಿಲ್ಲ. ಒಳಗಿರುವ ತಂತಿಯ ಸುರುಳಿ ಕಾಂತದ ಶಕ್ತಿಯನ್ನು ಕುಣಿಸುತ್ತದೆ, ಬಿಸಿ ಹುಟ್ಟುವುದು ಪಾತ್ರೆಯ ತಳದಲ್ಲಿಯೇ. ತಾನು ತಣ್ಣಗೆ ಕೂತು ಇನ್ನೊಬ್ಬರ ತಳ ಬಿಸಿ ಮಾಡುವ ಈ ವಿದ್ಯೆಯನ್ನು ನಮ್ಮ ಹಳೆಯ ಹೆಡ್‌ಮೇಷ್ಟ್ರೊಬ್ಬರಲ್ಲಿ ನಾನು ಬಹಳ ವರ್ಷ ಕಂಡಿದ್ದೆ. ಒಲೆಯಲ್ಲಿ ಕಂಡದ್ದು ಇದೇ ಮೊದಲು. ಪಾತ್ರೆ ಎತ್ತಿದರೆ ಸದ್ದು ಮಾಡಿ, ಕೊಂಚ ಹೊತ್ತು ಬಿಟ್ಟು, ತಾನೇ ಆರಿಹೋಗುತ್ತದೆ. ಅದನ್ನೇ ತಂದೆವು.

ಮನೆಯಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸಿದೆ. ಒಲೆಯ ಮೇಲೆ ಹಳೇ ಪೇಪರು ಹಾಸಿ, ಅದರ ಮೇಲೆ ನೀರಿನ ಪಾತ್ರೆ ಇಟ್ಟು, ನೀರು ಕುದಿಸಿ, ಪೇಪರನ್ನು ಸುಡದೆ ಹೊರಗೆ ತೆಗೆದು ತೋರಿಸಿದೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ನನ್ನ ಪ್ರಯೋಗ ಮೊದಲ ಸಲಕ್ಕೇ ಗೆದ್ದದ್ದು ಅದೊಂದೇ. ಅವ್ವ ಪೇಪರನ್ನು ಮುಟ್ಟಿ ನೋಡಿದಳು. ಬಗ್ಗಿ ಒಲೆಯ ಅಡಿ ನೋಡಿದಳು. "ಬೆಂಕಿ ಎಲ್ಲೈತೋ?" ಎಂದಳು. "ಬೆಂಕಿ ಇಲ್ಲವ್ವ." "ಬೆಂಕಿ ಇಲ್ದೆ ಹೆಂಗೆ ಕುದೀತು?" ಕಾಂತ, ಸುರುಳಿ, ಪ್ರವಾಹ ಎಂದು ಪಾಠ ಶುರುಮಾಡಿದೆ. ಅರ್ಧದಲ್ಲಿಯೇ ಅವಳು ಕೈಯೆತ್ತಿ, "ಹೋಗ್ಲಿ ಬಿಡು, ರೊಟ್ಟಿ ಆಗುತ್ತೋ ಇಲ್ಲೋ ಅಷ್ಟು ಹೇಳು" ಎಂದಳು. ನನ್ನ ವಿದ್ಯಾರ್ಥಿಗಳೂ ಅದನ್ನೇ ಕೇಳುತ್ತಾರೆ, ಪರೀಕ್ಷೆಗೆ ಬರುತ್ತೋ ಇಲ್ಲೋ ಅಂತ.

ಆಮೇಲೆ ಸ್ಕೂಲಿನ ಪ್ರಯೋಗಶಾಲೆಯಿಂದ ತಂದ ಆಯಸ್ಕಾಂತವನ್ನು ಅವ್ವನ ಕೈಗೆ ಕೊಟ್ಟೆ. ಅಂಟಿದ ಪಾತ್ರೆ ಪಾಸು, ಅಂಟದ್ದು ಫೇಲು. ಅವ್ವ ನಡುಮನೆಯಲ್ಲಿ ಪಾತ್ರೆಗಳನ್ನು ಸಾಲಾಗಿ ಕೂರಿಸಿ ಒಂದೊಂದರ ತಳಕ್ಕೂ ಮುಟ್ಟಿಸಿದಳು. ಬೇಳೆ ಬೇಯಿಸುವ ಅಲ್ಯೂಮಿನಿಯಂ ಪಾತ್ರೆ ಫೇಲು. ತವರಿನ ಹಿತ್ತಾಳೆ ತಪ್ಪೇಲಿ ಫೇಲು. ಆಗ ಮುಖ ಬಾಡಿತು. ಕಡೆಗೆ ಸಪಾಟಾದ ಕಬ್ಬಿಣದ ರೊಟ್ಟಿ ಹಂಚು ಬಂತು. ಆಯಸ್ಕಾಂತ ಟಕ್ಕೆಂದು ಕಚ್ಚಿಕೊಂಡಿತು, ಎಳೆದರೂ ಬಿಡಲೊಲ್ಲದು. ಅವ್ವ ಬಾಯಿ ತುಂಬ ನಕ್ಕಳು. ಎಷ್ಟೋ ವಾರಗಳ ಮೇಲೆ ನಾನು ಕಂಡ ನಗೆ ಅದು. ಆ ಸಂಜೆ ನನ್ನ ಉಸ್ತುವಾರಿಯಲ್ಲಿ ಅವಳೇ ಹಾಲು ಕಾಯಿಸಿದಳು.

ಮರುದಿನ ಬೆಳಗ್ಗೆ ಒಲೆ ಕೆಲಸ ಮಾಡಲಿಲ್ಲ.

ಯಾವ ಬಟನ್ ಒತ್ತಿದರೂ ಕುಂಯ್ ಎಂದು ಒಂದು ಸದ್ದು, ಅಷ್ಟೇ. ಸ್ವಿಚ್ಚು ಆರಿಸಿ ಹಾಕಿ ನೋಡಿದೆ. ತಟ್ಟಿ ನೋಡಿದೆ. ವಿಜ್ಞಾನದ ಮೇಷ್ಟ್ರು ಒಲೆಗೆ ತಟ್ಟುವುದನ್ನು ಶಾಂತಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಲೆಯನ್ನು ಟವಲಿನಲ್ಲಿ ಸುತ್ತಿಕೊಂಡು ಇಮಾಮ್ ಸಾಬರ ಅಂಗಡಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಿಕ್ಸರು, ಫ್ಯಾನು, ಗ್ರೈಂಡರು ರಿಪೇರಿ ಮಾಡುವ ಅವರು ನಮಗೆ ಬಹಳ ವರ್ಷದ ಪರಿಚಯ. ಪ್ಲಗ್ ಹಾಕಿ, ಒಂದು ಲೋಟ ನೀರಿಟ್ಟು ಒತ್ತಿದರು. ಜಮ್ಮೆಂದು ಕುದಿಯಿತು. "ಏನೂ ಆಗಿಲ್ಲ ಮೇಷ್ಟ್ರೇ, ಕಲ್ಲಿದ್ದಂಗೈತೆ" ಎಂದರು. ಮನೆಗೆ ತಂದೆ. ಸಂಜೆ ಸರಿಯಾಗಿತ್ತು. ಮರುದಿನ ಬೆಳಗ್ಗೆ ಮತ್ತೆ ಕುಂಯ್.

ಮೂರು ದಿನ ಇದೇ ಆಟ. ಬೆಳಗ್ಗೆ ಮುನಿಸು, ಅಂಗಡಿಯಲ್ಲಿ ವಿನಯ, ಸಂಜೆ ಸರಿ. ಮೂರನೆಯ ದಿನ ಅವ್ವ ಒಲೆಯ ಮುಂದಿನಿಂದ ಹಿಂದೆ ಸರಿದು ನಿಂತು ಮೆಲ್ಲಗೆ ಹೇಳಿದಳು: "ಬಿಡಪ್ಪ. ನಾನು ಮುಟ್ಟಿದ್ರೆ ಕೆಡುತ್ತೆ, ನೀವು ಮುಟ್ಟಿದ್ರೆ ಸರಿ ಇರ್ತೈತೆ. ಇದಕ್ಕೆ ನನ್ನ ಕೈ ಆಗಿಬರಂಗಿಲ್ಲ. ವಾಪಸ್ ಕೊಟ್ಟು ಬಾ." ಹೇಳಿ ಮತ್ತೆ ನಡುಮನೆಯ ಕುರ್ಚಿಗೆ ಹೋದಳು. ಗ್ಯಾಸು ನಾನು ಬೇಡವೆಂದದ್ದು. ಈ ಒಲೆ ಅವಳನ್ನೇ ಬೇಡವೆಂದಿತ್ತು. ನೆಟ್ಟಗೆ ಇಮಾಮ್ ಸಾಬರಲ್ಲಿಗೆ ಹೋಗಿ, "ಒಲೆ ಬ್ಯಾಡ ಸಾಬ್ರೆ, ಈ ಸಲ ನೀವೇ ಬರ್ರಿ" ಎಂದೆ.

ಮರುದಿನ ಬೆಳಗ್ಗೆ ಅಂಗಡಿ ತೆಗೆಯುವ ಮೊದಲೇ ಬಂದರು. ಒಲೆಯನ್ನು ಮುಟ್ಟಲೂ ಇಲ್ಲ. ಅಡುಗೆಮನೆಯ ಗೋಡೆಗೆ ಒರಗಿ ನಿಂತು, "ಅಮ್ಮಾರೆ, ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡ್ರಿ. ನಾನು ಇಲ್ಲಿಲ್ಲ ಅಂದ್ಕೊಳ್ರಿ" ಎಂದರು.

ಅವ್ವ ಸೆರಗು ಸರಿಮಾಡಿಕೊಂಡಳು. ಮೊದಲು ಗೋಡೆಯ ಸ್ವಿಚ್ಚು ಹಾಕಿದಳು. ಒಲೆಯಲ್ಲಿ ಪುಟ್ಟ ಕೆಂಪು ದೀಪ ಬಂತು. ದೀಪ ಹತ್ತಿದ ಮೇಲೆ ತಾನೇ ಪೂಜೆ? ವಿಭೂತಿ ಗಟ್ಟಿಯ ಮೇಲೆ ಒದ್ದೆ ಬೆರಳಾಡಿಸಿ, ಕಣ್ಣು ಮುಚ್ಚಿ, ಒಲೆಯ ಮುಂಭಾಗದಲ್ಲಿ ಸಾಲಾಗಿರುವ ಬಟನ್‌ಗಳ ಮೇಲೆಯೇ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಮೂರು ಬೆರಳೆಳೆದು, ಅಲ್ಲಿಯೇ ಒತ್ತಿ ಹಿಡಿದು, ಬಾಯಲ್ಲಿ ಏನೋ ಹೇಳಿಕೊಂಡಳು. ಕುಂಯ್ ಎಂದಿತು ಒಲೆ.

ನಾನು ಮೂರು ದಿನವೂ ಆ ವಿಭೂತಿಯನ್ನು ಕಂಡಿದ್ದೆ. ಒಲೆ ಎಂದರೆ ವಿಭೂತಿ ಇರಲೇಬೇಕು ಎಂಬುದು ಹುಟ್ಟಿದಾಗಿನಿಂದ ನೋಡಿದ ರೂಢಿ. ಹಾಗಾಗಿ ಕಂಡರೂ ಕಾಣಲಿಲ್ಲ. ಇಮಾಮ್ ಸಾಬರು ನಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಖಂಡಿತ ನಗುತ್ತಿದ್ದೆ. "ಅಮ್ಮಾರೆ, ಸಣ್ಣ ಮಕ್ಕಳು ಮುಟ್ಟಿ ಆಟ ಆಡಬಾರ್ದು ಅಂತ ಇದಕ್ಕೊಂದು ಬೀಗ ಇಟ್ಟಿರ್ತಾರೆ. ಎರಡು ಬಟನ್ ಕೂಡಿಸಿ ಒತ್ತಿ ಹಿಡಿದ್ರೆ ಬೀಗ ಬೀಳ್ತೈತೆ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ರೆ ತಾನೇ ಬಿಡ್ತೈತೆ. ಅದಕ್ಕೇ ನನ್ನ ಅಂಗಡೀಲಿ ಸರಿ ಇರ್ತಿತ್ತು" ಎಂದರು. ಒಲೆಯ ಜೊತೆ ಬಂದ ಪುಸ್ತಕದಲ್ಲಿ ಇದೆಲ್ಲ ಇತ್ತಂತೆ. ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಮಕ್ಕಳಿಗೆ ಹೇಳುವ ನಾನು ಆ ಪುಸ್ತಕವನ್ನು ಒಂದು ಸಲವೂ ಬಿಡಿಸಿರಲಿಲ್ಲ.

"ಹಂಗಾರೆ ವಿಭೂತಿ ಹಚ್ಚಂಗಿಲ್ಲೇನು?" ಅವ್ವನ ದನಿ ಇಳಿಯಿತು.

"ಯಾಕೆ ಹಚ್ಚಂಗಿಲ್ಲ? ನಾನೂ ದಿನಾ ಅಂಗಡಿ ತೆಗೆದ ಕೂಡ್ಲೆ ಸ್ಕ್ರೂಡ್ರೈವರ್ ಕಣ್ಣಿಗೆ ಒತ್ಕೊಂತೀನಿ. ಅನ್ನ ಕೊಡೋ ವಸ್ತು ಅಲ್ವಾ. ಇಲ್ಲಿ ಹಚ್ರಿ, ಹಿಂದಿನ ಅಂಚಿಗೆ."

"ಹಿಂದಕ್ಕೆ ಯಾರಾದ್ರೂ ಹಚ್ತಾರಾ ಸಾಬ್ರೆ? ಮುಖಕ್ಕೆ ಹಚ್ಚಬೇಕು."

ಒಲೆಯ ಮುಖ ಯಾವುದು ಎಂಬ ಪ್ರಶ್ನೆ ನಮ್ಮ ಅಡುಗೆಮನೆಯಲ್ಲಿ ಹೀಗೆ ಎದ್ದಿತು. ನನ್ನ ವಿಜ್ಞಾನದಲ್ಲಿ ಇದಕ್ಕೆ ಉತ್ತರವಿಲ್ಲ. ಇಮಾಮ್ ಸಾಬರು ಕ್ಷಣ ಯೋಚಿಸಿ ಹೇಳಿದರು: "ಮುಂದಿನದು ಮುಖ ಅಲ್ಲ ಅಮ್ಮಾರೆ, ಅದು ಕಿವಿ. ಜೋರು ಮಾಡು, ಸಣ್ಣ ಮಾಡು ಅಂತ ನೀವು ಹೇಳೋದನ್ನ ಅದು ಕೇಳೋದು ಅಲ್ಲೇ. ಕಿವಿ ತುಂಬ ವಿಭೂತಿ ಮೆತ್ತಿದ್ರೆ ಪಾಪ, ಹೆಂಗೆ ಕೇಳಿಸ್ತೈತೆ? ಹಿಂದೆ ಎತ್ತರದಾಗೈತಲ್ಲ ಅಂಚು, ಅದು ಹಣೆ."

ಅವ್ವ ತಲೆ ಓರೆ ಮಾಡಿ ಒಲೆಯನ್ನು ದಿಟ್ಟಿಸಿದಳು. "ಹೌದಲ್ಲೇನೋ!" ಎಂದಳು ನನಗೆ, ಇಷ್ಟು ಓದಿಯೂ ನಿನಗೆ ತಿಳಿಯಲಿಲ್ಲವಲ್ಲ ಎಂಬಂತೆ. ಸೆರಗಿನಿಂದ ಕಿವಿ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಸಾಬರು ಬೀಗ ಬಿಡಿಸಿದ ಮೇಲೆ ಚಹಾಕ್ಕೆ ನೀರಿಟ್ಟಳು. ಒಲೆ ಮಾತು ಕೇಳಿತು. ಆ ಚಹಾದಲ್ಲಿ ಶುಂಠಿ ಮೂರು ಪಟ್ಟು ಇತ್ತು, ವಾಸನೆ ತಿಳಿಯದ ಕೈ ಜಜ್ಜಿ ಹಾಕಿದ್ದಲ್ಲವೇ. ಸಾಬರು ಕಣ್ಣಲ್ಲಿ ನೀರು ಬಂದರೂ ಬಿಡದೆ ಕುಡಿದು, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡರು. ಆ ಅರ್ಧ ಲೋಟದ ಋಣ ನಾನು ಈ ಜನ್ಮದಲ್ಲಿ ತೀರಿಸಲಾರೆ.

ಈಗ ಅಡುಗೆಮನೆ ಮತ್ತೆ ಅವ್ವನದು. ಒಲೆ ಗೋಡೆಗೆ ಮಸಿ ಹಿಡಿಸುವುದಿಲ್ಲ. ಬೇಸಗೆಯಲ್ಲೂ ರೊಟ್ಟಿ ಮಾಡುವವರ ಮುಖ ಬೇಯುವುದಿಲ್ಲ. ಹಾಲು ಉಕ್ಕಿದರೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮುಗಿಯಿತು, ಮತ್ತೆ ಕಪ್ಪು ಕನ್ನಡಿ. ಇಷ್ಟು ನಿಮಿಷ ಎಂದು ಹೇಳಿಟ್ಟರೆ ಅಷ್ಟಕ್ಕೇ ಸದ್ದು ಮಾಡಿ ನಿಲ್ಲುತ್ತದೆ. ಅವ್ವನ ಹೋದ ಮೂಗಿನ ಕೆಲಸವನ್ನು ಅದು ತನ್ನ ಕುಂಯ್‌ನಿಂದ ಮಾಡುತ್ತಿದೆ. ರೊಟ್ಟಿಯನ್ನು ಉರಿಗೆ ಹಿಡಿದು ಉಬ್ಬಿಸುವಂತಿಲ್ಲ ಎಂಬ ಒಂದು ಕೊರಗಿತ್ತು. ಹಂಚಿನ ಮೇಲೆಯೇ ಬಟ್ಟೆಯಿಂದ ಒತ್ತುತ್ತ ಉಬ್ಬಿಸುವುದನ್ನು ಅವ್ವ ಒಂದು ವಾರದಲ್ಲಿ ಕಲಿತಳು. ಬಂದವರಿಗೆಲ್ಲ ಆಯಸ್ಕಾಂತ ತೋರಿಸಿ ಪಾಠವನ್ನೂ ಮಾಡುತ್ತಾಳೆ, ನನಗಿಂತ ಚೆನ್ನಾಗಿ. ಊಟಕ್ಕೆ ಕೂತರೆ ಎರಡು ರೊಟ್ಟಿ ಹೋಗುತ್ತದೆ. ತಾಮ್ರದ ತಂತಿ ಸುತ್ತಿ ಈ ಒಲೆಯನ್ನು ಮಾಡಿದ ಕೈ ಯಾವುದೋ, ಯಾವ ಊರಿನದೋ, ಅದು ತಣ್ಣಗಿರಲಿ.

ಕರೆಂಟು ಹೋದರೆ ಮಾತ್ರ ಈ ಒಲೆ ಬರೀ ಗಾಜು. ಅದಕ್ಕೆಂದು ಗ್ಯಾಸನ್ನು ಪಕ್ಕದಲ್ಲಿಯೇ ಇಟ್ಟಿದ್ದೇವೆ, ಲೈಟರನ್ನು ಬೀರುವಿನಲ್ಲಿ. ಹೋದ ಭಾನುವಾರ ಶಾಂತಲಾ ಹೊನ್ನಾಳಿಗೆ, ತನ್ನ ತಂಗಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಕರೆಂಟು ಹೋಯಿತು. ನನಗೆ ಚಹಾದ ಹೊತ್ತು. ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಅವ್ವ ನೋಡಿ ನೋಡಿ ಹೇಳಿದಳು: "ಹೋಗು, ನಿನ್ನ ಬೀರುವಿನಾಗಿಂದ ಲೈಟರ್ ತಗಂಬಾ. ನೀನೇ ಹಚ್ಚು. ನಾನು ಇಲ್ಲೇ ನಿಂತಿರ್ತೀನಿ."

ನಾನು ಕಂಬದ ಹಾಗೆ ನಿಂತೆ. "ನಿಂಗೆ ಗೊತ್ತಿತ್ತೇನವ್ವ?"

"ನಿನ್ನ ಪಂಚೆ ಮಡಚಿ ಇಡೋರು ಯಾರು?"

"ಮತ್ತೆ ತಗಳ್ಳಲಿಲ್ಲ ಯಾಕೆ?"

"ತಗಳ್ಳಾಕೆ ಏನೈತೆ? ನಾನು ದಿನಾ ದೇವರ ದೀಪ ಹಚ್ತಿದ್ದೆನಲ್ಲ, ಕಡ್ಡಿಪೆಟ್ಟಿಗೆ ನನ್ನ ಕೈಯಾಗೇ ಇತ್ತಲ್ಲೋ."

ಕಡ್ಡಿಪೆಟ್ಟಿಗೆ! ವಾರಗಟ್ಟಲೆ ದಿನಕ್ಕೆ ನಾಲ್ಕು ಸಲ ಟವಲಿನಡಿ ಲೈಟರ್ ಸಾಗಿಸಿದ ಮಹಾನುಭಾವನಿಗೆ ದೇವರ ಮುಂದಿದ್ದ ಕಡ್ಡಿಪೆಟ್ಟಿಗೆ ಕಾಣಲೇ ಇಲ್ಲ. ನಾನು ಹಾಕಿದ್ದೆನೆಂದುಕೊಂಡ ಬೀಗ ಬಿದ್ದೇ ಇರಲಿಲ್ಲ. ಅವ್ವ ಪಾತ್ರೆಗೆ ನೀರು ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಆವತ್ತು ನೀನು ಗದರಿದಾಗ ನಿನ್ನ ಕೈ ಗಡಗಡ ಅಂತಿತ್ತು ಕಣಪ್ಪ. ಸಣ್ಣೋನಿದ್ದಾಗ ಬಾವಿ ಇಣುಕಿ ನೋಡಿ ಹೆದರ್ಕೊಂಡು ಓಡಿ ಬಂದಿದ್ಯಲ್ಲ, ಹಂಗೇ. ಹೆದರಿದ ಮಗನ ಮಾತು ಮೀರಾಕೆ ಆಗುತ್ತೇನು? ನಿನ್ನ ಹೆದರಿಕೆ ಹೋಗ್ಲಿ ಅಂತ ಸುಮ್ನಿದ್ದೆ."

ಲೈಟರ್ ತಂದು ಒಲೆ ಹಚ್ಚಿದೆ. ಟವಲು ಹೊದೆಯಲಿಲ್ಲ. ಅವ್ವ ಶುಂಠಿ ಜಜ್ಜಿ ಒಂದು ಚೂರು ಹಾಕಿ, ನನ್ನನ್ನು ಪಾತ್ರೆಯ ಹತ್ತಿರ ಕರೆದಳು. "ಘಮ ಬಂತೇನು ನೋಡಪ್ಪ, ನಂಗೆ ತಿಳಿಯಂಗಿಲ್ಲ."

ಬಗ್ಗಿ ಮೂಸಿದೆ. "ಬಂತವ್ವ" ಎಂದೆ. "ಸಾಕಾ?" ಎಂದಳು. "ಇನ್ನೊಂದು ಚೂರು ಹಾಕು" ಎಂದೆ. ಚಹಾ ಇಳಿಸಿದ ಮೇಲೆ ಲೈಟರನ್ನು ಅಡುಗೆಮನೆಯ ಹಳೆಯ ಮೊಳೆಗೆ, ಅವ್ವನ ಕೈಗೆ ಎಟಕುವಲ್ಲಿಯೇ ತೂಗುಹಾಕಿದೆ.